ಬೀದಿಗೂ ಪಂದ್ಯಪಥಕ್ಕೂ ಸಲ್ಲುವ ಬ್ರೇಕ್ ಡಿಸ್ಕು

ಬೆಂಗಳೂರಿನಿಂದ ಬೆಳಕು ಹರಿಯುವ ಮುನ್ನವೇ ಹೊರಟು, ಹೊಸೂರು, ಕೃಷ್ಣಗಿರಿ, ವೆಲ್ಲೂರುಗಳ ಮಾರ್ಗವಾಗಿ ಸುಮಾರು 300 ಕಿಲೋಮೀಟರ್ ಕ್ರಮಿಸಿ, ಶ್ರೀಪೆರುಂಬುದೂರಿನ ಸಮೀಪದ ಇರುಂಗಾಟ್ಟುಕೋಟ್ಟೈಯ ಮೋಟಾರು ಪಂದ್ಯಪಥವನ್ನು ಮುಟ್ಟಿ, ಅಲ್ಲಿ ಹಗಲೆಲ್ಲ ತನ್ನ ಶಕ್ತಿಯ ಪರಮಾವಧಿಯವರೆಗೆ ಓಡಿ, ಸಂಜೆ ಅದೇ ಹೆದ್ದಾರಿಯಲ್ಲಿ ಹಿಂದಿರುಗಿ, ಸೋಮವಾರ ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಸಿಲ್ಕ್ ಬೋರ್ಡಿನ ವಾಹನಸಂದಣಿಯಲ್ಲಿ ಅಂಗುಲ ಅಂಗುಲವಾಗಿ ತೆವಳುವ ಕಾರುಗಳು ಈಗ ನಮ್ಮ ನಗರದಲ್ಲಿ ಒಂದೆರಡಲ್ಲ. ಅವು ಪಂದ್ಯಕ್ಕೆಂದೇ ಕಟ್ಟಿದ ಯಂತ್ರಗಳಲ್ಲ; ಸಂಸಾರವನ್ನೂ ಸಾಮಾನನ್ನೂ ಹೊರುವ ಸಾಮಾನ್ಯ ವಾಹನಗಳು. ವರ್ಷದ ಕೆಲವೇ ದಿನಗಳಲ್ಲಿ, ಆ 3.7 ಕಿಲೋಮೀಟರ್ ಉದ್ದದ ಪಥದಲ್ಲೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲೋ ಅವುಗಳಿಗೆ ಬೇರೊಂದು ಜನ್ಮ ಬಂದಂತಾಗುತ್ತದೆ. ಹೀಗೆ ದ್ವಿವಿಧ ಜೀವನವನ್ನು ನಡೆಸುವ ಕಾರಿನಲ್ಲಿ, ಟೈರುಗಳನ್ನು ಬಿಟ್ಟರೆ, ಅತ್ಯಂತ ಶೀಘ್ರವಾಗಿ ಸವೆಯುವುದೂ, ಬದಲಾಯಿಸುವ ಕಾಲ ಬಂದಾಗ ಅತ್ಯಂತ ಅವಿಚಾರದಿಂದ ಕೊಳ್ಳಲ್ಪಡುವುದೂ ಮುಂಗಾಲಿಗಳ ಬ್ರೇಕ್ ಡಿಸ್ಕುಗಳೇ.

ಅವಿಚಾರವೆಂಬ ಮಾತನ್ನು ನಾನು ಸುಮ್ಮನೆ ಆಡುತ್ತಿಲ್ಲ. ಜೆ.ಸಿ. ರಸ್ತೆಯ ಬಿಡಿಭಾಗಗಳ ಯಾವ ಅಂಗಡಿಗೆ ಹೋಗಿ ನಿಂತರೂ, ಗಾಜಿನ ಹಿಂದೆ ನಾಲ್ಕಾರು ಬಗೆಯ ಡಿಸ್ಕುಗಳು ಕಣ್ಣು ಸೆಳೆಯುತ್ತವೆ: ಮೈತುಂಬ ರಂಧ್ರಗಳುಳ್ಳದ್ದು ಒಂದು, ಓರೆಯಾದ ಗೀರುಗಳುಳ್ಳದ್ದು ಮತ್ತೊಂದು, ಎರಡೂ ಇರುವುದು ಇನ್ನೊಂದು, ನಡುಭಾಗಕ್ಕೆ ಹೊಂಬಣ್ಣ ಬಳಿದದ್ದು ಮಗದೊಂದು. ಇವೆಲ್ಲವುಗಳ ಹಿಂದೆ, ಕಂದುಬಣ್ಣದ ಡಬ್ಬಿಯಲ್ಲಿ, ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿಕೊಂಡು, ಯಾವ ಆಭರಣವೂ ಇಲ್ಲದ ಸಾದಾ ಡಿಸ್ಕು ಕುಳಿತಿರುತ್ತದೆ. ಮೊದಲ ಸಲ ಪಂದ್ಯಪಥಕ್ಕೆ ಹೊರಟ ಉತ್ಸಾಹಿ ತರುಣನ ಕೈ ಸಹಜವಾಗಿಯೇ ರಂಧ್ರಗಳಿರುವುದರ ಕಡೆಗೆ ಹೋಗುತ್ತದೆ. ಅವನ ಕೈ ಆ ಕಂದುಡಬ್ಬಿಯ ಕಡೆಗೆ ತಿರುಗಬೇಕೆಂಬುದೇ ಈ ಲೇಖನದ ಅಪೇಕ್ಷೆ. ಅದಕ್ಕೆ ಕಾರಣಗಳನ್ನು ವಿಶದಪಡಿಸುವುದು ನನ್ನ ಕರ್ತವ್ಯ.

ಬ್ರೇಕು ವೇಗವನ್ನು ನುಂಗಿಬಿಡುತ್ತದೆಂದು ನಾವು ಭಾವಿಸುತ್ತೇವೆ. ವಸ್ತುತಃ ಅದು ಚಲನಶಕ್ತಿಯನ್ನು ಉಷ್ಣವಾಗಿ ಪರಿವರ್ತಿಸಿ, ಆ ಉಷ್ಣವನ್ನು ಕೆಲವು ಕ್ಷಣ ತನ್ನ ಒಡಲಲ್ಲಿ ಇರಿಸಿಕೊಂಡು, ಅನಂತರ ಗಾಳಿಗೆ ಒಪ್ಪಿಸುತ್ತದೆ. 1,200 ಕಿಲೋ ತೂಕದ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವಾಗ ಅದರ ಚಲನಶಕ್ತಿ ಸುಮಾರು 167 ಕಿಲೋಜೌಲ್. 160 ಕಿಲೋಮೀಟರ್ ವೇಗದಲ್ಲಿರುವಾಗ ಸುಮಾರು 1,185. ವೇಗವು ಮೂರು ಪಾಲಿಗೂ ಕಡಿಮೆಯೇ ಹೆಚ್ಚಿದರೂ ಶಕ್ತಿಯು ಏಳು ಪಾಲಾಗುವುದು, ಅದು ವೇಗದ ವರ್ಗವನ್ನು ಅನುಸರಿಸುವುದರಿಂದ. ಉದ್ದನೆಯ ನೇರಹಾದಿಯ ತುದಿಯಲ್ಲಿ 160ರಿಂದ 60ಕ್ಕೆ ಇಳಿಸುವ ಒಂದೇ ಒಂದು ಬ್ರೇಕಿನಲ್ಲಿ ಸಾವಿರ ಕಿಲೋಜೌಲಿಗೂ ಮಿಕ್ಕಿದ ಉಷ್ಣ ಹುಟ್ಟುತ್ತದೆ; ಅದರಲ್ಲಿ ನೂರಕ್ಕೆ ಎಪ್ಪತ್ತು ಪಾಲು ಮುಂಗಾಲಿಗಳದ್ದೆಂದು ಹಿಡಿದರೆ, 7 ಕಿಲೋ ತೂಕದ ಒಂದೊಂದು ಮುಂದಿನ ಡಿಸ್ಕೂ ಆ ಮೂರು ನಾಲ್ಕು ಸೆಕೆಂಡುಗಳಲ್ಲೇ ಸುಮಾರು 100 ಡಿಗ್ರಿ ಸೆಲ್ಸಿಯಸ್ ಕಾಯಬೇಕಾಗುತ್ತದೆ. ಊರೊಳಗೆ 60ರಿಂದ ನಿಲುಗಡೆಗೆ ಬರುವಾಗ ಅದೇ ಡಿಸ್ಕು ಕಾಯುವುದು ಹದಿನೇಳು ಹದಿನೆಂಟು ಡಿಗ್ರಿಯಷ್ಟೇ.

ಘಟ್ಟದ ಇಳಿಜಾರಿನಲ್ಲಿ ಪಳಗಿದ ನಮ್ಮವರು, ಆಗುಂಬೆಯನ್ನು ಇಳಿದ ಕಾರಿಗೆ ಪಂದ್ಯಪಥವೇನು ಮಹಾ ಎಂದು ಕೇಳುವುದುಂಟು. ಪ್ರಶ್ನೆ ಯೋಗ್ಯವಾದದ್ದೇ. ಆಗುಂಬೆಯಿಂದ ಸೋಮೇಶ್ವರದವರೆಗಿನ ಹದಿನಾಲ್ಕು ತಿರುವುಗಳಲ್ಲಿ ಕಾರು ಹೆಚ್ಚುಕಡಿಮೆ ಐನೂರು ಮೀಟರ್ ಕೆಳಗಿಳಿಯುತ್ತದೆ. ಆ ಇಳಿತದ ಒಟ್ಟು ಶಕ್ತಿಯನ್ನು ಲೆಕ್ಕ ಹಾಕಿದರೆ, ಅದು 160 ಕಿಲೋಮೀಟರ್ ವೇಗದಿಂದ ಐದು ಸಲ ಪೂರ್ಣವಾಗಿ ನಿಲ್ಲಿಸಿದ್ದಕ್ಕೆ ಸಮ. ಆದರೆ ಘಟ್ಟದಲ್ಲಿ ಆ ಭಾರದ ದೊಡ್ಡ ಪಾಲನ್ನು ಎರಡನೆಯ ಗೇರಿನಲ್ಲಿರುವ ಎಂಜಿನ್ನೇ ಹೊರುತ್ತದೆ, ಉಳಿದದ್ದನ್ನು ಗಾಳಿಗೆ ಒಪ್ಪಿಸಲು ಡಿಸ್ಕಿಗೆ ಕಾಲು ಗಂಟೆ ಅರ್ಧ ಗಂಟೆಯ ಅವಕಾಶವಿರುತ್ತದೆ. ಪಂದ್ಯಪಥದಲ್ಲಿಯಾದರೋ ಎರಡು ಎರಡೂವರೆ ನಿಮಿಷದ ಒಂದು ಸುತ್ತಿನಲ್ಲೇ ಹಲವು ಸಲ ಪೆಡಲನ್ನು ಬಲವಾಗಿ ತುಳಿಯಬೇಕು. ಹಿಂದಿನ ಬಿಸಿ ಆರುವ ಮೊದಲೇ ಮುಂದಿನದು ಬಂದು ಸೇರುತ್ತದೆ. ಮೂರು ನಾಲ್ಕು ಸುತ್ತುಗಳಲ್ಲಿ ಡಿಸ್ಕು 400, 500 ಡಿಗ್ರಿಗಳನ್ನು ಮುಟ್ಟಿದರೆ ಆಶ್ಚರ್ಯವಿಲ್ಲ. ಆದಕಾರಣ ಡಿಸ್ಕನ್ನು ಆರಿಸುವವನು ಕೇಳಬೇಕಾದ ಪ್ರಶ್ನೆಗಳು ಎರಡೇ: ಇದರಲ್ಲಿ ಕಬ್ಬಿಣ ಎಷ್ಟಿದೆ? ಇದರೊಳಗೆ ಗಾಳಿ ಎಷ್ಟು ಸರಾಗವಾಗಿ ಹರಿಯುತ್ತದೆ?

ಡಿಸ್ಕ್ ಬ್ರೇಕಿನ ಚರಿತ್ರೆಯೂ ಈ ಮಾತನ್ನೇ ಸಮರ್ಥಿಸುತ್ತದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದರೂ, ಲೋಹಕ್ಕೆ ಲೋಹವೇ ಉಜ್ಜುವ ಆ ವ್ಯವಸ್ಥೆಯ ಕರ್ಕಶಧ್ವನಿಯಿಂದಲೂ ಸವೆತದಿಂದಲೂ ಅದು ನೆಲೆಗೊಳ್ಳಲಿಲ್ಲ. ಮುಂದೆ ವಿಮಾನದ ಚಕ್ರಗಳಲ್ಲಿ ಅನುಭವ ಪಡೆದ ಡನ್‌ಲಪ್ ಸಂಸ್ಥೆಯೂ ಜಾಗ್ವಾರ್ ಸಂಸ್ಥೆಯೂ ಕೂಡಿ ಪರಿಷ್ಕರಿಸಿದ ಡಿಸ್ಕುಗಳನ್ನು ತೊಟ್ಟ ಸಿ-ಟೈಪ್ ಕಾರನ್ನು ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ 1953ರಲ್ಲಿ ಫ್ರಾನ್ಸಿನ ಲ ಮಾನ್ಸ್‌ನ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯದಲ್ಲಿ ಗೆಲ್ಲಿಸಿದರು. ಸರಾಸರಿ ವೇಗ ಗಂಟೆಗೆ ಸುಮಾರು 170 ಕಿಲೋಮೀಟರ್. ಡ್ರಮ್ ಬ್ರೇಕು, ನಮ್ಮ ಅಂಬಾಸಿಡರ್ ಪದ್ಮಿನಿಗಳಲ್ಲಿ ದೀರ್ಘಕಾಲ ಇದ್ದದ್ದು, ಕಾದಾಗ ಹಿಗ್ಗಿ ತನ್ನ ಒಳಗಿರುವ ಶೂಗಳಿಂದ ದೂರ ಸರಿಯುತ್ತದೆ; ಡಿಸ್ಕು ಕಾದಾಗ ದಪ್ಪವಾಗಿ, ತನ್ನನ್ನು ಇಕ್ಕೆಲಗಳಿಂದ ಒತ್ತಿಹಿಡಿಯುವ ಪ್ಯಾಡಿನ ಕಡೆಗೇ ಬರುತ್ತದೆ, ಮೈಯೆಲ್ಲ ಗಾಳಿಗೆ ತೆರೆದಿರುವುದರಿಂದ ಬೇಗ ಆರುತ್ತದೆ. ಆ ಕಾರಿಗೆ ಜಯವನ್ನು ತಂದ ಮುಖ್ಯ ಗುಣವೆಂದರೆ, ಮೊದಲ ಗಂಟೆಯಲ್ಲಿ ಹಿಡಿದಂತೆಯೇ ಕೊನೆಯ ಗಂಟೆಯಲ್ಲಿಯೂ ಹಿಡಿಯುವ ಅದರ ಬ್ರೇಕಿನ ಸ್ಥೈರ್ಯ.

ಈಗ ಲೋಹದ ವಿಚಾರ. ಉಕ್ಕಿನಂತಹ ದೃಢವಾದ ಲೋಹವಿರುವಾಗ, ಸುತ್ತಿಗೆಯಿಂದ ಹೊಡೆದರೆ ಒಡೆಯುವ ಬೀಡುಕಬ್ಬಿಣವನ್ನು ಇಂತಹ ಪ್ರಾಣರಕ್ಷಕ ಸ್ಥಾನದಲ್ಲಿ ಏಕೆ ಕೂಡಿಸಿದರು ಎಂಬ ಶಂಕೆ ಸ್ವಾಭಾವಿಕ. ಬೂದುಬಣ್ಣದ ಬೀಡುಕಬ್ಬಿಣದಲ್ಲಿ ನೂರಕ್ಕೆ ಮೂರು ಮೂರೂವರೆ ಪಾಲು ಇಂಗಾಲವಿದ್ದು, ಅದರಲ್ಲಿ ಬಹುಭಾಗ ಗ್ರಾಫೈಟಿನ ಸೂಕ್ಷ್ಮ ಪದರಗಳಾಗಿ ಲೋಹದೊಳಗೆಲ್ಲ ಹರಡಿಕೊಂಡಿರುತ್ತದೆ. ಆ ಪದರಗಳು ಉಷ್ಣವನ್ನು ಮೈಯಿಂದ ಒಡಲಿಗೆ ತ್ವರಿತವಾಗಿ ಒಯ್ಯುತ್ತವೆ. ಕಂಪನವನ್ನು ಹೀರಿ ಕೀರಲುದನಿಯನ್ನು ಅಡಗಿಸುತ್ತವೆ. ಇಂಗಾಲವನ್ನು ನೂರಕ್ಕೆ 3.6ರಿಂದ 3.9ರವರೆಗೆ ಏರಿಸಿದ ಎರಕಕ್ಕೆ ವ್ಯಾಪಾರದಲ್ಲಿ ಹೈ ಕಾರ್ಬನ್ ಎಂದು ಹೆಸರು. ಎಳೆದಾಗ ತಡೆಯುವ ಬಲ ತುಸು ಕಡಿಮೆಯಾದರೂ, ಪದೇಪದೇ ಕಾದು ಆರುವುದರಿಂದ ಹುಟ್ಟುವ ಬಿರುಕುಗಳನ್ನು ಅದು ಹೆಚ್ಚು ಕಾಲ ತಾಳುತ್ತದೆ, ಸದ್ದೂ ಕಡಿಮೆ. ಬೀದಿಗೂ ಪಂದ್ಯಪಥಕ್ಕೂ ಒಂದೇ ಡಿಸ್ಕು ಬೇಕೆನ್ನುವವರು ಹೆಚ್ಚಿನ ಹಣವನ್ನು ಕೊಡಬೇಕಾದ ಗುಣವಿದ್ದರೆ ಇದೊಂದೇ.

ಬೀಡುಕಬ್ಬಿಣ ನಮ್ಮ ನಾಡಿಗೆ ಅಪರಿಚಿತವಾದುದಲ್ಲ. ಭದ್ರಾವತಿಯ ಕಾರ್ಖಾನೆ 1923ರಿಂದ ಅದನ್ನು ಇಳಿಸತೊಡಗಿತು. ಬೆಳಗಾವಿಯ ಎರಕಶಾಲೆಗಳಲ್ಲಿ ಇಂದಿಗೂ ವಾಹನಗಳ ನಾನಾ ಅಂಗಗಳು ಎರಕಗೊಳ್ಳುತ್ತವೆ. ಭಾರತೀಯ ಮಾನಕವಾದ ಐ.ಎಸ್. 210ರಲ್ಲಿ ಇಂತಹ ಎರಕಗಳನ್ನು ಎಫ್.ಜಿ. 200, ಎಫ್.ಜಿ. 220, ಎಫ್.ಜಿ. 260 ಎಂದು ವಿಂಗಡಿಸಿದ್ದಾರೆ; ಆ ಸಂಖ್ಯೆ ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಎಂಬ ಕರ್ಷಣಬಲವನ್ನು ಸೂಚಿಸುತ್ತದೆ. ಡಿಸ್ಕಿನ ಎರಡು ಮೈಗಳ ನಡುವಣ ಗಾಳಿಯ ದಾರಿಗಳನ್ನು ಮರಳಿನ ಒಳಅಚ್ಚನ್ನು, ಎಂದರೆ ಕೋರನ್ನು, ಇಟ್ಟು ರೂಪಿಸುತ್ತಾರೆ. ಎರೆಯುವಾಗ ಆ ಕೋರ್ ಕೂದಲೆಳೆಯಷ್ಟು ಸರಿದರೂ ಒಂದು ಮೈ ದಪ್ಪವಾಗಿ ಇನ್ನೊಂದು ತೆಳುವಾಗುತ್ತದೆ. ಅಂತಹ ಡಿಸ್ಕು ಕಾದಾಗ ಎರಡು ಮೈಗಳೂ ಸಮನಾಗಿ ಹಿಗ್ಗವು. ಆದ್ದರಿಂದ ಅಂಗಡಿಯಲ್ಲಿ ಡಿಸ್ಕನ್ನು ಕೈಗೆತ್ತಿಕೊಂಡೊಡನೆ ಅದರ ಅಂಚನ್ನು ಬೆಳಕಿಗೆ ಹಿಡಿದು, ಸುತ್ತಲೂ ತಿರುಗಿಸುತ್ತ, ಎರಡು ಮೈಗಳ ದಪ್ಪ ಎಲ್ಲೆಡೆಯೂ ಸಮನಾಗಿದೆಯೇ, ಗಾಳಿಯ ಸಂದುಗಳಲ್ಲಿ ಮರಳಿನ ಹೆಪ್ಪು ಉಳಿದಿದೆಯೇ ಎಂದು ನೋಡತಕ್ಕದ್ದು. ಅಂಚಿನಲ್ಲಿ ಒಂದು ಕಡೆ ಸ್ವಲ್ಪ ಕೊರೆದು ತೆಗೆದ ಗುರುತಿದ್ದರೆ ಹೆದರಬೇಕಾಗಿಲ್ಲ. ತೂಕವನ್ನು ಸಮತೋಲಗೊಳಿಸಿದ ಸಾಕ್ಷಿ ಅದು. ಡೂಪ್ಲಿಕೇಟ್ ಮಾಲಿನಲ್ಲಿ ಈ ಶ್ರಮವನ್ನು ಯಾರೂ ಪಡುವುದಿಲ್ಲ.

ಇನ್ನು ರಂಧ್ರಗಳು. ಹಿಂದಿನ ಕಾಲದ ಪ್ಯಾಡುಗಳಲ್ಲಿದ್ದ ಅಂಟುದ್ರವ್ಯಗಳು ಕಾದಾಗ ಅನಿಲವನ್ನು ಉಗುಳುತ್ತಿದ್ದುವು. ಅದು ಪ್ಯಾಡಿಗೂ ಡಿಸ್ಕಿಗೂ ನಡುವೆ ಸೇರಿ ಹಿಡಿತವನ್ನು ಸಡಿಲಿಸುತ್ತಿತ್ತು. ಅದಕ್ಕೆ ಹೊರದಾರಿಯನ್ನು ಕಲ್ಪಿಸಲು ರಂಧ್ರಗಳು ಹುಟ್ಟಿದುವು. ಇಂದಿನ ಪ್ಯಾಡುಗಳಲ್ಲಿ ಆ ಸಮಸ್ಯೆ ಬಹುಮಟ್ಟಿಗೆ ನಿವಾರಣೆಯಾಗಿದೆ. ಮಳೆಯಲ್ಲಿ ನೀರನ್ನು ಬೇಗ ಹೊರದೂಡುತ್ತದೆ, ತೂಕವನ್ನು ಕೊಂಚ ಇಳಿಸುತ್ತದೆ ಎಂಬ ಎರಡು ಪ್ರಯೋಜನಗಳು ಉಳಿದಿವೆಯಾದರೂ, ಮೊದಲನೆಯದು ಅಲ್ಪವಾದದ್ದು. ಎರಡನೆಯದು ಪ್ರಯೋಜನವೇ ಅಲ್ಲ, ಏಕೆಂದರೆ ಉಷ್ಣವನ್ನು ಹೊರಬೇಕಾದ ಕಬ್ಬಿಣವನ್ನೇ ಕೊರೆದು ಬಿಸಾಡಿದಂತಾಯಿತು. ಇದಕ್ಕಿಂತ ಗುರುತರವಾದ ದೋಷ ಬೇರೊಂದಿದೆ. ಕಾದು ಆರುವ ಲೋಹದಲ್ಲಿ ಒತ್ತಡವು ರಂಧ್ರದ ಅಂಚಿನಲ್ಲಿ ಶೇಖರವಾಗುತ್ತದೆ. ಬಿರುಕು ಹುಟ್ಟುವುದು ಅಲ್ಲಿಯೇ. ಒಂದು ರಂಧ್ರದಿಂದ ಇನ್ನೊಂದಕ್ಕೆ ಅದು ದಾರಿಮಾಡಿಕೊಂಡು ಹೋಗುತ್ತದೆ. ಪ್ರಸಿದ್ಧ ತಯಾರಕರು ಕೆಲವು ಬೆಲೆಯುಳ್ಳ ಕಾರುಗಳಿಗೆ ರಂಧ್ರದ ಡಿಸ್ಕುಗಳನ್ನು ಕಾರ್ಖಾನೆಯಿಂದಲೇ ಕೊಡುತ್ತಾರೆಂಬುದು ನಿಜ. ಅವುಗಳ ಗಾತ್ರವೂ ಲೋಹವೂ ರಂಧ್ರಗಳ ವಿನ್ಯಾಸವೂ ಬಹು ಪರೀಕ್ಷೆಯಿಂದ ನಿರ್ಣಯವಾದುವು. ಸಾದಾ ಡಿಸ್ಕನ್ನು ತಂದು ಡ್ರಿಲ್ ಯಂತ್ರಕ್ಕೆ ಒಡ್ಡಿ ಮಾರುವ ಪದಾರ್ಥಕ್ಕೂ ಅವಕ್ಕೂ ಯಾವ ಸಂಬಂಧವೂ ಇಲ್ಲ. ಪಂದ್ಯಪಥಕ್ಕೆ ಹೋಗುವ ಸಣ್ಣ ಕಾರಿಗೆ ಇಂತಹ ಡಿಸ್ಕನ್ನು ಹಾಕಿಸಬೇಡಿರೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಗೀರುಳ್ಳ ಡಿಸ್ಕಿನ ಬಗ್ಗೆ ಇಷ್ಟು ಕಠಿಣವಾಗಬೇಕಾಗಿಲ್ಲ. ಗೀರು ಡಿಸ್ಕಿನ ಮೈಯನ್ನು ಭೇದಿಸಿ ಹೋಗದೆ ಮೇಲ್ಮೈಯಲ್ಲಿಯೇ ಉಳಿಯುತ್ತದೆ. ಪ್ಯಾಡಿನ ಮುಖವನ್ನು ಪ್ರತಿ ಸುತ್ತಿನಲ್ಲೂ ಹೆರೆದು, ಕಾದು ಗಾಜಿನಂತೆ ನುಣುಪಾದ ಪದರವನ್ನೂ ಧೂಳನ್ನೂ ತೆಗೆಯುತ್ತದೆ. ಅದರ ಬೆಲೆ ಪ್ಯಾಡಿನ ಶೀಘ್ರ ಸವೆತ ಮತ್ತು ಬ್ರೇಕು ಹಿಡಿದಾಗಿನ ಒಂದು ಬಗೆಯ ಗುಂಯ್‌ಗುಡುವಿಕೆ. ಪಂದ್ಯಪಥಕ್ಕೆ ತಿಂಗಳು ತಿಂಗಳೂ ಹೋಗುವವರಿಗೆ ಗೀರುಳ್ಳದ್ದು ಉಪಾದೇಯ. ವರ್ಷಕ್ಕೆ ಎರಡು ಮೂರು ಸಲ ಹೋಗುವವರಿಗೆ ಸಾದಾ ಡಿಸ್ಕೇ ಸಾಕು.

ಎರಡು ತುಂಡುಗಳ ಡಿಸ್ಕು, ಎಂದರೆ ನಡುಭಾಗ ಅಲ್ಯೂಮಿನಿಯಂ ಆಗಿದ್ದು ಸುತ್ತಣ ಉಂಗುರ ಮಾತ್ರ ಕಬ್ಬಿಣವಾಗಿರುವುದು, ತತ್ತ್ವತಃ ಉತ್ತಮವಾದ ವಸ್ತು. 288 ಮಿಲಿಮೀಟರ್ ವ್ಯಾಸದ ಕಬ್ಬಿಣ 500 ಡಿಗ್ರಿ ಕಾದರೆ ಒಂದೂವರೆ ಮಿಲಿಮೀಟರಿಗೂ ಮಿಕ್ಕಿ ಹಿಗ್ಗುತ್ತದೆ. ಒಂದೇ ತುಂಡಿನ ಡಿಸ್ಕಿನಲ್ಲಿ ತಣ್ಣಗಿರುವ ನಡುಭಾಗ ಈ ಹಿಗ್ಗುವಿಕೆಯನ್ನು ತಡೆದು, ಮೈ ತುಸು ಕೊಡೆಯಾಕಾರಕ್ಕೆ ಬಾಗುತ್ತದೆ. ಎರಡು ತುಂಡಿನದರಲ್ಲಿ ಉಂಗುರವು ಸ್ವತಂತ್ರವಾಗಿ ಹಿಗ್ಗಬಲ್ಲುದು. ಆದರೆ ನಮ್ಮ ಊರುಗಳ ಕೆಸರು ನೀರಿನಲ್ಲಿ ಅದರ ಕೀಲುಗಳು ಸವೆದು ಗಡಗಡಿಸತೊಡಗುತ್ತವೆ. ಕಾರ್ಬನ್ ಸೆರಾಮಿಕ್ ಡಿಸ್ಕುಗಳನ್ನು ಪೋರ್ಷೆ ಸಂಸ್ಥೆಯು 2001ರ 911 ಜಿಟಿ2 ಕಾರಿಗೆ ಕೊಟ್ಟಿತು. ತೂಕ ಕಬ್ಬಿಣದ ಅರ್ಧದಷ್ಟು, ಬೆಲೆ ಮಾತ್ರ ನಮ್ಮಂಥವರ ಎಣಿಕೆಯ ಹೊರಗೆ. ಗ್ರೇಟರ್ ನೋಯ್ಡಾದ ಬುದ್ಧ ಪಂದ್ಯಪಥದಲ್ಲಿ 2011ರಿಂದ 2013ರವರೆಗೆ ಓಡಿದ ಫಾರ್ಮುಲಾ ಒನ್ ಕಾರುಗಳ ಶುದ್ಧ ಕಾರ್ಬನ್ ಡಿಸ್ಕುಗಳಂತೂ ಕೆಲವು ನೂರು ಡಿಗ್ರಿ ಕಾಯದೆ ಹಿಡಿಯುವುದೇ ಇಲ್ಲ.

ಗಾಳಿಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ವಿಸ್ತರಿಸಿ ಹೇಳಬೇಕಾಗಿದೆ. ಬಹುಪಾಲು ಕಾರುಗಳ ಡಿಸ್ಕಿನೊಳಗಿನ ರೆಕ್ಕೆಗಳು ನೇರವಾಗಿದ್ದು, ಎಡಕ್ಕೂ ಬಲಕ್ಕೂ ಒಂದೇ ಡಿಸ್ಕು ಹೊಂದುತ್ತದೆ. ಕೆಲವು ಉತ್ತಮ ಡಿಸ್ಕುಗಳಲ್ಲಿ ರೆಕ್ಕೆಗಳು ಬಾಗಿರುತ್ತವೆ. ಅವು ತಿರುಗುವಾಗ ನಡುವಿನಿಂದ ಗಾಳಿಯನ್ನು ಸೆಳೆದು ಹೊರ ಅಂಚಿಗೆ ತಳ್ಳುವ ಪಂಪಾಗಿ ಕೆಲಸ ಮಾಡುತ್ತವೆ. ಹಾಗಾಗಬೇಕಾದರೆ ರೆಕ್ಕೆಯ ಹೊರತುದಿಯು ತಿರುಗುವ ದಿಕ್ಕಿಗೆ ಹಿಮ್ಮುಖವಾಗಿ ಬಾಗಿರತಕ್ಕದ್ದು. ಆದ್ದರಿಂದ ಎಡದ್ದೇ ಬೇರೆ, ಬಲದ್ದೇ ಬೇರೆ. ಮೇಲ್ಮೈಯ ಗೀರುಗಳು ಕಣ್ಣಿಗೆ ಕಾಣುವುದರಿಂದ ಅವುಗಳ ದಿಕ್ಕನ್ನು ನೋಡಿ ಡಿಸ್ಕನ್ನು ಕೂಡಿಸುವ ಅಭ್ಯಾಸ ಗ್ಯಾರೇಜುಗಳಲ್ಲಿದೆ. ಅದು ಸರಿಯಲ್ಲ, ಎಡಬಲಗಳನ್ನು ನಿರ್ಣಯಿಸುವುದು ಒಳಗಿನ ರೆಕ್ಕೆ. ತಿರುಗುಮುರುಗಾಗಿ ಕೂಡಿಸಿದ ಬಾಗುರೆಕ್ಕೆಯ ಡಿಸ್ಕಿನಲ್ಲಿ ಗಾಳಿಯ ಹರಿವು ಕುಂಠಿತವಾಗಿ, ಹೆಚ್ಚು ಹಣ ಕೊಟ್ಟ ಪ್ರಯೋಜನವೇ ನಷ್ಟವಾಗುತ್ತದೆ.

ವ್ಯಾಸವನ್ನು ಹೆಚ್ಚಿಸುವ ಆಸೆ ಕೆಲವರಿಗೆ. ಅದಕ್ಕೆ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರಿನ ಬ್ರ್ಯಾಕೆಟ್ಟು ಬದಲಾಗಬೇಕು, ಚಕ್ರದೊಳಗೆ ಜಾಗವಿರಬೇಕು, ಮುಂದಿನ ಮತ್ತು ಹಿಂದಿನ ಬ್ರೇಕುಗಳ ನಡುವಣ ಸಮತೋಲವೂ ವ್ಯತ್ಯಾಸವಾಗುತ್ತದೆ. ಅದೇ ಮಾದರಿಯ ಶಕ್ತಿವಂತ ಕಾರಿಗೆ ತಯಾರಕರೇ ಕೊಟ್ಟ ದೊಡ್ಡ ಬ್ರೇಕುಗಳು ಸಮಗ್ರವಾಗಿ ಸಿಕ್ಕಿದರೆ ಮಾತ್ರ ಈ ಕೆಲಸಕ್ಕೆ ಕೈಹಾಕಬಹುದು.

ಒಳ್ಳೆಯ ಡಿಸ್ಕನ್ನು ತಂದಮೇಲೂ ಅದನ್ನು ಕೆಡಿಸುವುದು ಸುಲಭ. ಬ್ರೇಕು ಹಿಡಿದಾಗ ಸ್ಟಿಯರಿಂಗ್ ನಡುಗಿದರೆ ಡಿಸ್ಕು ಬೆಂಡಾಗಿದೆಯೆಂದು ಮೆಕ್ಯಾನಿಕ್ಕುಗಳು ಹೇಳಿ ಲೇತಿಗೆ ಕಳಿಸುತ್ತಾರೆ. ನಿಜವಾಗಿ ಬೆಂಡಾದ ಡಿಸ್ಕು ವಿರಳ. ಹೆಚ್ಚಿನ ಸಂದರ್ಭಗಳಲ್ಲಿ ಪ್ಯಾಡಿನ ದ್ರವ್ಯವು ಮೈಮೇಲೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಅಂಟಿಕೊಂಡಿರುತ್ತದೆ. ಹದಿನೈದು ಇಪ್ಪತ್ತು ಮೈಕ್ರಾನಿನ ದಪ್ಪದ ವ್ಯತ್ಯಾಸವನ್ನೂ ಕಾಲು ಗುರುತಿಸಬಲ್ಲುದು. ಅಂಟಿದ ಜಾಗ ಮತ್ತೆ ಮತ್ತೆ ಅತಿಯಾಗಿ ಕಾದು, 700 ಡಿಗ್ರಿಯ ಆಸುಪಾಸನ್ನು ಮುಟ್ಟಿದರೆ, ಅಲ್ಲಿನ ಕಬ್ಬಿಣದ ರಚನೆಯೇ ಬದಲಾಗಿ ಸಿಮೆಂಟೈಟ್ ಎಂಬ ಕಠಿಣ ಪದಾರ್ಥದ ಕಲೆಗಳು ಮೂಡುತ್ತವೆ. ಲೇತಿನಲ್ಲಿ ಮೇಲ್ಮೈಯನ್ನು ಹೆರೆದರೂ ಕಲೆಯ ಬೇರು ಒಳಗೆ ಉಳಿಯುವುದರಿಂದ ನಡುಕ ಕೆಲವು ದಿನಗಳಲ್ಲೇ ಮರಳುತ್ತದೆ.

ಇದನ್ನು ತಪ್ಪಿಸುವ ಉಪಾಯಗಳು ಕಷ್ಟವಾದುವಲ್ಲ. ಹೊಸ ಡಿಸ್ಕನ್ನು ಕೂಡಿಸುವ ಮುನ್ನ ಹಬ್ಬಿನ ಮುಖದ ತುಕ್ಕನ್ನು ತಂತಿಬ್ರಷ್ಷಿನಿಂದ ಪೂರ್ತಿಯಾಗಿ ಉಜ್ಜಿ ತೆಗೆಯಿಸಿ, ಕೂಡಿಸಿದಮೇಲೆ ಡಯಲ್ ಗೇಜಿನಿಂದ ಡಿಸ್ಕಿನ ಓಲಾಟವನ್ನು ಅಳೆಯಿಸಬೇಕು; ಅದು 0.05 ಮಿಲಿಮೀಟರಿನೊಳಗೆ ಇದ್ದರೆ ಲೇಸು. ಚಕ್ರದ ಬೋಲ್ಟುಗಳನ್ನು ಗಾಳಿಯ ಗನ್ನಿನಿಂದ ಮನಸ್ಸಿಗೆ ಬಂದಂತೆ ಬಿಗಿಯದೆ, ಟಾರ್ಕ್ ವ್ರೆಂಚಿನಿಂದ ಎದುರುಬದುರಾಗಿ ಸಮನಾಗಿ ಬಿಗಿಯಬೇಕು. ಅನಂತರ ಹೊಸ ಕಾವಲಿಯನ್ನು ನಮ್ಮ ಗೃಹಿಣಿಯರು ಎಣ್ಣೆ ಸವರಿ ಮತ್ತೆ ಮತ್ತೆ ಕಾಯಿಸಿ ಪಳಗಿಸುವಂತೆ, ಡಿಸ್ಕನ್ನೂ ಪ್ಯಾಡನ್ನೂ ಜೊತೆಯಾಗಿ ಪಳಗಿಸಬೇಕು: ಹಿಂದೆ ಯಾವ ವಾಹನವೂ ಇಲ್ಲದ ತೆರವಾದ ರಸ್ತೆಯಲ್ಲಿ, 90ರಿಂದ 20ಕ್ಕೆ ಎಂಟು ಹತ್ತು ಸಲ ದೃಢವಾಗಿ ಇಳಿಸಿ, ಒಮ್ಮೆಯೂ ಪೂರ್ತಿ ನಿಲ್ಲಿಸದೆ, ಕೊನೆಗೆ ಹತ್ತು ಹದಿನೈದು ನಿಮಿಷ ಬ್ರೇಕನ್ನು ಆದಷ್ಟು ಮುಟ್ಟದೆ ಓಡಿಸಿ ಆರಗೊಡಬೇಕು. ಪಂದ್ಯಪಥದಲ್ಲಿ ಕೊನೆಯ ಸುತ್ತನ್ನು ನಿಧಾನವಾಗಿ ಮುಗಿಸಿ ಒಳಬಂದಮೇಲೆ, ಪೆಡಲನ್ನು ತುಳಿದು ಹಿಡಿಯುವುದಾಗಲಿ ಹ್ಯಾಂಡ್‌ಬ್ರೇಕ್ ಎಳೆಯುವುದಾಗಲಿ ಸಲ್ಲದು; ಕಾದ ಪ್ಯಾಡು ನಿಂತಲ್ಲೇ ತನ್ನ ಮುದ್ರೆಯನ್ನೊತ್ತುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲುಕೊಟ್ಟರೆ ಸಾಕು.

ಡಿಸ್ಕಿಗೆಂದು ಇಟ್ಟ ಹಣದಲ್ಲಿ ಉಳಿದದ್ದನ್ನು ಪ್ಯಾಡಿಗೂ ಬ್ರೇಕ್ ಆಯಿಲಿಗೂ ವಿನಿಯೋಗಿಸಬೇಕು. ಡಾಟ್ 4 ದರ್ಜೆಯ ಹೊಸ ಆಯಿಲು ಕುದಿಯುವುದು ಕನಿಷ್ಠ 230 ಡಿಗ್ರಿಯಲ್ಲಿ. ಗಾಳಿಯ ತೇವವನ್ನು ಹೀರಿದಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆ ಹುಟ್ಟಿ, ಪೆಡಲು ತಡೆಯಿಲ್ಲದೆ ನೆಲವನ್ನು ಮುಟ್ಟುತ್ತದೆ. ಆಗ ಎಂತಹ ಡಿಸ್ಕಿದ್ದರೂ ವ್ಯರ್ಥ. ಪ್ರತಿ ಪಂದ್ಯದಿನಕ್ಕೆ ಮುನ್ನ ಆಯಿಲನ್ನು ಬದಲಿಸುವುದು ವಿಹಿತ. ಪಂದ್ಯದ ಪ್ಯಾಡುಗಳು ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ. ಶಾಲೆಯ ಮುಂದೆ ಹುಡುಗನೊಬ್ಬ ಅಡ್ಡಬಂದಾಗ ಬೇಕಾದದ್ದು ಮೊದಲ ಕ್ಷಣದ ಹಿಡಿತ. ಆದಕಾರಣ ಪಂದ್ಯದ ಪ್ಯಾಡುಗಳನ್ನು ಬೇರೆಯಾಗಿ ಇಟ್ಟುಕೊಂಡು, ಅಲ್ಲಿಗೆ ಹೋದಮೇಲೆ ಬದಲಾಯಿಸುವುದು ಕ್ಷೇಮ. ತನ್ನ ಡಿಸ್ಕು ಎಷ್ಟು ಕಾಯುತ್ತದೆಂದು ಪ್ರಮಾಣವಾಗಿ ತಿಳಿಯಬೇಕೆಂಬವರಿಗೆ ಉಷ್ಣಸೂಚಕ ಬಣ್ಣಗಳು ದೊರೆಯುತ್ತವೆ: ಅಂಚಿಗೆ ಬಳಿದ ಹಸುರು 430 ಡಿಗ್ರಿಯಲ್ಲಿಯೂ, ಕಿತ್ತಳೆ 560ರಲ್ಲಿಯೂ, ಕೆಂಪು 610ರಲ್ಲಿಯೂ ಬಣ್ಣಗೆಡುತ್ತದೆ. ಕೆಂಪೂ ಕೆಟ್ಟಿದ್ದರೆ, ಆ ಕಾರಿಗೆ ಹೆಚ್ಚಿನ ಗಾಳಿ ಬೇಕು, ಅಥವಾ ಚಾಲಕನಿಗೆ ಹೆಚ್ಚಿನ ವಿರಾಮ.

ಕೊನೆಯದಾಗಿ ವಾಚಕರಲ್ಲಿ ಒಂದು ವಿಜ್ಞಾಪನೆ. ಪ್ರತಿ ಡಿಸ್ಕಿನ ನಡುಭಾಗದಲ್ಲೋ ಅಂಚಿನಲ್ಲೋ ಅದರ ಕನಿಷ್ಠ ದಪ್ಪವನ್ನು ಕೆತ್ತಿರುತ್ತಾರೆ. 25 ಮಿಲಿಮೀಟರ್ ದಪ್ಪದ ಡಿಸ್ಕಿಗೆ ಅದು ಸಾಧಾರಣವಾಗಿ 22. ಒಂದೊಂದು ಮೈ 8 ಮಿಲಿಮೀಟರ್ ದಪ್ಪವಿತ್ತೆಂದು ಇಟ್ಟುಕೊಂಡರೆ, ಸವೆದ ಆ ಮೂರು ಮಿಲಿಮೀಟರು ಎಂದರೆ ಉಷ್ಣವನ್ನು ಹೊರುವ ಕಬ್ಬಿಣದಲ್ಲಿ ಹತ್ತಿರ ಹತ್ತಿರ ಐದನೆಯ ಒಂದು ಪಾಲು ಹೋದಂತೆ. ಹೊರಡುವ ಹಿಂದಿನ ದಿನ ಚಕ್ರವನ್ನು ಬಿಚ್ಚಿ, ಮೈಕ್ರೋಮೀಟರಿನಿಂದ ಸುತ್ತಲೂ ಅಳೆಯಿರಿ. ಮೈಮೇಲೆ ಉಗುರನ್ನು ಎಳೆದು ನೋಡಿರಿ. ಉಗುರಿಗೆ ಸಿಕ್ಕುವ ಬಿರುಕು, ಅಥವಾ ಅಂಚನ್ನು ಮುಟ್ಟಿದ ಬಿರುಕು ಕಂಡರೆ ಆ ಡಿಸ್ಕು ಊರೊಳಗಿನ ಓಡಾಟಕ್ಕೂ ಬೇಡ. ಬಿರುಕಿಲ್ಲದೆ ದಪ್ಪ 23ಕ್ಕೆ ಇಳಿದಿದ್ದರೆ ಊರಿಗೆ ಇನ್ನೂ ಸಾಕು, ಪಂದ್ಯಪಥಕ್ಕೆ ಸಾಲದು. ಹೊಸ ಜೋಡಿಯನ್ನು ಹಾಕಿಸಿ, ಪಳಗಿಸಿ, ಆಮೇಲೆ ಹೋಗಿರಿ.